‘ನನ್ನ ಖುಷಿ’ ಅಂದ್ರೆ ಏನು?

ಅಟ್ಲಾಂಟಾ ಮೂಲದ ಚಿಕ್-ಫಿಲ್-ಎಗೆ, ಬರೀ ಫ್ರೈಸ್‌ಗಾದರೂ, ನೀವು ಹೋಗಿರ್ತೀರಿ. ಥ್ಯಾಂಕ್ಸ್ ಅಂದ್ರೆ ಅಲ್ಲಿ ‘ಮೈ ಪ್ಲೆಷರ್’ ಅಂತಾರೆ. ಅದನ್ನೇ ಕೇಳಿ ಬೆಳೆದ ನನ್ನ ಮಗಳು ಅಜ್ಜಿಗೆ ನೀರು ತಂದುಕೊಟ್ಟಳು. ಅಜ್ಜಿ, ಇಲ್ಲಿಗೆ ಬಂದಮೇಲೆ ಕಲಿತ ‘ಥ್ಯಾಂಕ್ಸ್’ ಹೇಳಿದರು. ಇವಳು ‘ನನ್ನ ಖುಷಿ’ ಅಂದಳು. ಅಜ್ಜಿಯ ಮುಖ ಸಣ್ಣದಾಯಿತು. ಅವರಿಗೆ ಕೇಳಿಸಿದ್ದು ‘ನನ್ನಿಷ್ಟ, ಕೇಳೋಕೆ ನೀವ್ಯಾರು?’

ತಪ್ಪು ಮಗುವಿನದಲ್ಲ. ಪ್ಲೆಷರ್ ಎದುರಿಗೆ ಸಂತೋಷ, ಸುಖ, ಖುಷಿ ಎಂದು ಸಾಲಾಗಿ ಪೇರಿಸುವ ನಮ್ಮ ಪದಪಟ್ಟಿಗಳದ್ದು. ಸಂತೋಷದ ಮೂಲದಲ್ಲಿರೋದು ತೃಪ್ತಿ. ‘ಸುಖವಾಗಿದ್ದೀರಾ?’ ಅನ್ನೋದು ಕ್ಷೇಮಸಮಾಚಾರ. ಪಾರಸಿಯಿಂದ ಬಂದ ಖುಷಿಯಲ್ಲಿ ನಲಿವೂ ಇದೆ, ಮರ್ಜಿಯೂ ಇದೆ: ‘ಬರೋದು ಬಿಡೋದು ನಿಮ್ಮ ಖುಷಿ.’ ತಮಾಷೆ ಅಂದ್ರೆ, ಲ್ಯಾಟಿನ್ನಿನ ‘ಪ್ಲಾಕೇರೆ’ಯಿಂದ ಫ್ರೆಂಚ್ ದಾರಿಯಲ್ಲಿ ಬಂದ ಪ್ಲೆಷರ್‌ಗೂ ಇವೇ ಎರಡು ಮುಖ. ವಾಷಿಂಗ್ಟನ್ನಿನಲ್ಲಿ ಮಂತ್ರಿಗಳು ಅಧ್ಯಕ್ಷರ ‘ಪ್ಲೆಷರ್’ ಇರುವತನಕ ಕುರ್ಚಿಯಲ್ಲಿರ್ತಾರಲ್ಲ, ಅಲ್ಲಿ ನಲಿವಿನ ಮಾತೇ ಇಲ್ಲ! ಮಗಳು ಆರಿಸಿದ ಪದ ಹತ್ತಿರದ್ದೇ. ಆಡಿದ ಜಾಗ ತಪ್ಪು.

ಜಾಗ ತೋರಿಸೋಕೆ ಬಳಕೆಯ ಉದಾಹರಣೆ ಬೇಕು. ಕಿಟೆಲ್ 1894ರಲ್ಲೇ ತಮ್ಮ ನಿಘಂಟಿನಲ್ಲಿ ಪದಗಳ ಜೊತೆ ಗಾದೆಗಳನ್ನೂ ಕೊಟ್ಟಿದ್ದರು. ನಮ್ಮ ಪಟ್ಟಿಗಳಿಗೆ ಒಂದು ವಾಕ್ಯವೂ ಭಾರ.

ಥ್ಯಾಂಕ್ಸ್‌ಗೆ ನಾವು ‘ಇರ್ಲಿ ಬಿಡಿ’, ‘ಅದಕ್ಕೇನಂತೆ’ ಅಂತೀವಿ. ಮಗಳಿಗೆ ಎರಡನೆಯದು ಹಿಡಿಸಿದೆ. ಅಜ್ಜಿಗೆ ಈಗ ಬಾಯಾರಿಕೆ ಜಾಸ್ತಿ.