ಅಶರೀರವಾಣಿಯೂ ಮಕ್ಕಳ ಮನಸ್ಸೂ

ಮೈಸೂರಿನ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಇಸವಿಯಲ್ಲಿ ಸ್ವಗೃಹವಾದ ‘ವಿಠ್ಠಲ ವಿಹಾರ’ದಿಂದ ಬಾನುಲಿಯನ್ನು ಬಿತ್ತರಿಸಿದರು, ಅದಕ್ಕೆ ‘ಆಕಾಶವಾಣಿ’ಯೆಂಬ ನಾಮವು ನೆಲೆಸಿತು. 30 ವ್ಯಾಟಿನ ಆ ಯಂತ್ರವನ್ನು ಕೊಂಡಾಡುವವರು, ಅದನ್ನು ನಡೆಸಿದವರು ಮನಶ್ಶಾಸ್ತ್ರದ ಪ್ರಾಧ್ಯಾಪಕರೆಂಬುದನ್ನು ಮರೆಯುವುದುಂಟು. ಮಕ್ಕಳ ಕಾರ್ಯಕ್ರಮಗಳ ಗುಣದೋಷವಿಚಾರಕ್ಕೆ ಅದೇ ಮುಖ್ಯವಾದುದು. ಪುರಾಣದ ಅಶರೀರವಾಣಿಯು ಕಂಸನನ್ನು ಬೆದರಿಸಿತು. ಬಾನುಲಿಯ ಅಶರೀರವಾಣಿಯಾದರೋ ಮಗುವಿನ ಮನಸ್ಸನ್ನರಿತು ಅದರೊಡನೆ ಮಾತಾಡಬೇಕು. ಹೇಳುವವರ ಮುಖವು ಕಾಣದಿರಲು ದನಿಯೊಂದೇ ಆಧಾರ. ಆ ದನಿಯು ತೊದಲನ್ನು ನಟಿಸಿದರೆ ಮಗುವು ನಕ್ಕೀತು, ನಂಬಲಾರದು. ಬರಿದೆ ಉಪದೇಶಿಸಿದರೆ ಎದ್ದುಹೋದೀತು. ಶರಾವತಿಯ ಅಳಿವೆಯ ಕಾಸರಕೋಡಿನ ಮಗುವು ಗ್ರಂಥಭಂಡಾರವನ್ನು ಕಾಣದಿದ್ದರೂ ಬಾನುಲಿಯಿಂದ ಒಳ್ಳೆಯ ಕನ್ನಡವನ್ನು ಕೇಳಬಹುದು. ಆದುದರಿಂದ ಯಂತ್ರದ ಬಲಕ್ಕಿಂತ, ಅದರ ಮುಂದೆ ಕುಳಿತು ನುಡಿಯುವವರ ವಿವೇಕವೇ ದೊಡ್ಡದು.