ಗಲಾತ್ಯಪತ್ರದಲ್ಲಿ ಒಂದು ಷಷ್ಠಿಯ ವಿಚಾರ

ಮನುಷ್ಯನು ದೇವರ ಮುಂದೆ ನೀತಿವಂತನೆನಿಸುವುದು ಧರ್ಮಶಾಸ್ತ್ರದ ಆಚರಣೆಯಿಂದಲ್ಲ, ಕೃಪೆಯಿಂದ. ಆ ಕೃಪೆಯು ಲಭಿಸುವುದು ವಿಶ್ವಾಸದ ಮೂಲಕ. ಕ್ರೈಸ್ತರ ಈ ಸಿದ್ಧಾಂತಕ್ಕೆ ಆಕರವಾದ ವಾಕ್ಯಗಳಲ್ಲಿ, ಪೌಲನು ಕ್ರಿ. ಶ. 50ರ ಸುಮಾರಿನಲ್ಲಿ ಗಲಾತ್ಯದ ಸಭೆಗಳಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದ 16ನೆಯದು ಪ್ರಧಾನವಾದುದು. ಅದರಲ್ಲಿ ಬರುವ, ವಿದ್ವಾಂಸರು ಸಂಕ್ಷೇಪವಾಗಿ ‘ಪಿಸ್ತಿಸ್ ಕ್ರಿಸ್ತೂ’ ಎಂದು ಕರೆಯುವ ಪದದ್ವಯದ ಅರ್ಥವೇನೆಂಬ ವಾದವು ಪಾಶ್ಚಾತ್ಯರಲ್ಲಿ ಬಹುಕಾಲದಿಂದ ನಡೆಯುತ್ತ, 1983ರಲ್ಲಿ ರಿಚರ್ಡ್ ಹೇಸ್ ಎಂಬವರ ಗ್ರಂಥವು ಪ್ರಕಟವಾದಮೇಲೆ ಬಹಳ ಬಿರುಸಾಯಿತು. ನನಗೆ ಗ್ರೀಕ್ ಭಾಷೆಯಲ್ಲಿ ಸ್ವತಂತ್ರವಾದ ಪರಿಶ್ರಮವಿಲ್ಲ. ಅದನ್ನು ಬಲ್ಲ ಮಿತ್ರರೊಬ್ಬರಿಂದ ಪತ್ರವನ್ನು ಪದಶಃ ಓದಿಸಿಕೊಂಡು ಕೇಳಿದಾಗ, ಈ ವಾದವು ವ್ಯಾಕರಣಮೀಮಾಂಸೆಗಳನ್ನು ಓದಿದವರಿಗೆ ಹೊಸದಲ್ಲವೆಂದು ತೋರಿದುದರಿಂದ ಇದನ್ನು ಬರೆದಿದ್ದೇನೆ.

ಮೊದಲು ಪ್ರಕರಣವನ್ನು ನೋಡಬೇಕು. ಗಲಾತ್ಯದಲ್ಲಿ ಕ್ರಿಸ್ತನನ್ನು ನಂಬಿದ ಅನ್ಯಜನರು ಸುನ್ನತಿಯನ್ನು ಮಾಡಿಸಿಕೊಂಡು ಮೋಶೆಯ ಧರ್ಮಶಾಸ್ತ್ರಕ್ಕೆ ಒಳಪಡಬೇಕೆಂದು ಕೆಲವರು ಬೋಧಿಸುತ್ತಿದ್ದರು. ಅಂತಿಯೋಕ್ಯದಲ್ಲಿ ಕೇಫನು ಅನ್ಯಜನರೊಡನೆ ಊಟಮಾಡುತ್ತಿದ್ದು, ಯಾಕೋಬನ ಕಡೆಯವರು ಬಂದೊಡನೆ ಹಿಂಜರಿದನೆಂದು ಪೌಲನೇ ಹೇಳುತ್ತಾನೆ. ಆದುದರಿಂದ ಇಲ್ಲಿ ನಿಷೇಧಿಸಿರುವ ‘ಧರ್ಮಶಾಸ್ತ್ರದ ಕರ್ಮಗಳು’ ಸತ್ಕರ್ಮಮಾತ್ರವೆಂದಾಗಲಿ, ನಮ್ಮ ನಿತ್ಯನೈಮಿತ್ತಿಕಗಳೆಂದಾಗಲಿ ತಿಳಿಯುವುದು ಪ್ರಕರಣವಿರುದ್ಧ. ಪ್ರೀತಿಯ ಮೂಲಕ ಕೆಲಸಮಾಡುವ ವಿಶ್ವಾಸವನ್ನು ಇದೇ ಪತ್ರದ ಐದನೆಯ ಅಧ್ಯಾಯವು ಹೊಗಳುತ್ತದೆ. ಯೆಹೂದ್ಯರು ಕೃಪೆಯನ್ನೇ ಅರಿಯದೆ ಕರ್ಮದ ಲೆಕ್ಕವಿಡುತ್ತಿದ್ದರೆಂಬ ಹಳೆಯ ಮಾತೂ ನಿಲ್ಲುವಂತಿಲ್ಲ. ಅವರ ಗ್ರಂಥಗಳಲ್ಲಿ ದೇವರ ಆಯ್ಕೆ ಮೊದಲು, ಶಾಸ್ತ್ರಪಾಲನೆ ಅನಂತರವೆಂಬುದನ್ನು ಇ. ಪಿ. ಸ್ಯಾಂಡರ್ಸ್ ಎಂಬವರು 1977ರಲ್ಲಿ ವಿಸ್ತಾರವಾಗಿ ನಿರೂಪಿಸಿದರು.

ಇನ್ನು ಷಷ್ಠಿ. ಕೃದಂತದ ಯೋಗದಲ್ಲಿ ಕರ್ತೃವಿಗೂ ಕರ್ಮಕ್ಕೂ ಷಷ್ಠಿ ಬರುವುದೆಂದು ಪಾಣಿನಿಯು ವಿಧಿಸಿದ್ದಾನೆ. ಕನ್ನಡದಲ್ಲಿಯೂ ‘ಶಿಷ್ಯನ ಸೇವೆ’ ಎಂದರೆ ಶಿಷ್ಯನು ಮಾಡುವ ಸೇವೆ. ‘ಗುರುವಿನ ಸೇವೆ’ ಎಂದರೆ ಗುರುವಿಗೆ ಸಲ್ಲುವ ಸೇವೆ. ಗ್ರೀಕಿನಲ್ಲಿಯೂ ಹಾಗೆಯೇ. ‘ಕ್ರಿಸ್ತನ ಪಿಸ್ತಿಸ್’ ಎಂಬಲ್ಲಿ ಷಷ್ಠಿಯು ಕರ್ಮಾರ್ಥದಲ್ಲಿದ್ದರೆ ಜನರು ಕ್ರಿಸ್ತನಲ್ಲಿಡುವ ವಿಶ್ವಾಸ. ಕರ್ತ್ರರ್ಥದಲ್ಲಿದ್ದರೆ ಕ್ರಿಸ್ತನು ತಾನೇ ಮರಣಪರ್ಯಂತ ದೇವರಲ್ಲಿ ತೋರಿದ ನಿಷ್ಠೆ. ಪೌಲನ ಪತ್ರಗಳಲ್ಲಿ ಈ ಪ್ರಯೋಗವು ಏಳು ಕಡೆ ಬರುತ್ತದೆ. ಲ್ಯಾಟಿನ್ ಭಾಷಾಂತರವು ಷಷ್ಠಿಯನ್ನು ಹಾಗೆಯೇ ಉಳಿಸಿಕೊಂಡಿತು. 1611ರ ಇಂಗ್ಲಿಷ್ ಭಾಷಾಂತರವೂ ಉಳಿಸಿಕೊಂಡಿತು. ಲೂಥರನು ಜರ್ಮನ್ ಭಾಷೆಯಲ್ಲಿ ಕರ್ಮಾರ್ಥವನ್ನು ಸ್ಪಷ್ಟಪಡಿಸಿದನು.

ಕರ್ತ್ರರ್ಥವಾದಿಗಳ ಪಕ್ಷವು ದುರ್ಬಲವೆಂದು ಯಾರೂ ಭಾವಿಸಬಾರದು. ರೋಮಾಪುರದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ‘ದೇವರ ಪಿಸ್ತಿಸ್’ ಎಂದರೆ ದೇವರ ಸತ್ಯಸಂಧತೆಯೇ ಹೊರತು ದೇವರಲ್ಲಿಡುವ ನಂಬಿಕೆಯಲ್ಲ. ನಾಲ್ಕನೆಯದರಲ್ಲಿ ‘ಅಬ್ರಹಾಮನ ಪಿಸ್ತಿಸ್’ ಎಂದರೆ ಅವನು ನಂಬಿದ ನಂಬಿಕೆ. ಎರಡೂ ಕರ್ತರಿ. ಆದರೆ ಮಾರ್ಕನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದಲ್ಲಿ ‘ದೇವರ ಪಿಸ್ತಿಸ್’ ಇರಲಿ ಎಂದು ಯೇಸುವು ಶಿಷ್ಯರಿಗೆ ಹೇಳುವಾಗ ಕರ್ಮಾರ್ಥವೇ ಸಹಜ. ಪ್ರಯೋಗಗಳನ್ನು ಎಣಿಸುವುದರಿಂದ ಮಾತ್ರ ನಿರ್ಣಯವಾಗದು.

ಅವರ ಮುಖ್ಯ ಯುಕ್ತಿ ಪುನರುಕ್ತಿದೋಷ. ಪ್ರಕೃತವಾಕ್ಯದ ನಡುವೆ ‘ನಾವು ಕ್ರಿಸ್ತ ಯೇಸುವನ್ನು ನಂಬಿದೆವು’ ಎಂಬರ್ಥದ ಕ್ರಿಯಾಪದವು ಸ್ಪಷ್ಟವಾಗಿದೆ. ಷಷ್ಠಿಗೂ ಅದೇ ಅರ್ಥವಾದರೆ ಒಂದೇ ಮಾತನ್ನು ಮೂರು ಸಲ ಹೇಳಿದಂತಾಗುವುದೆಂದು ಅವರು ಆಕ್ಷೇಪಿಸುತ್ತಾರೆ. ಈ ಆಕ್ಷೇಪವು ನನಗೆ ಒಪ್ಪಿಗೆಯಾಗದು. ಏಕೆಂದರೆ ‘ಧರ್ಮಶಾಸ್ತ್ರದ ಕರ್ಮಗಳಿಂದ’ ಎಂಬುದೂ ಅದೇ ವಾಕ್ಯದಲ್ಲಿ ಮೂರು ಸಲ ಬಂದಿದೆ, ಮೂರು ಸಲವೂ ಒಂದೇ ಅರ್ಥದಲ್ಲಿ! ಕೋಪದಿಂದ ಬರೆಯುತ್ತಿರುವ ಪೌಲನು ಇಲ್ಲಿ ಪುನರುಕ್ತಿಗೆ ಅಂಜಿದವನಲ್ಲ. ಒಂದು ಪಕ್ಷವನ್ನು ಮೂರು ಸಲ ನಿಷೇಧಿಸಿ ಎದುರಿನದನ್ನು ಮೂರು ಸಲ ವಿಧಿಸಿದರೆ ಅದು ದಾರ್ಢ್ಯಕ್ಕಾಗಿಯೇ ಸರಿ. ಮೇಲಾಗಿ ಮುಂದಿನ ಅಧ್ಯಾಯವು ದೃಷ್ಟಾಂತವಾಗಿ ಕೊಡುವುದು ದೇವರನ್ನು ನಂಬಿದ ಅಬ್ರಹಾಮನನ್ನು. ವಾಕ್ಯಶೇಷದಿಂದ ಸಂದಿಗ್ಧಾರ್ಥವನ್ನು ನಿರ್ಣಯಿಸುವುದು ಮೀಮಾಂಸಕರ ಮರ್ಯಾದೆ. ಆದುದರಿಂದ ಇಲ್ಲಿ ಕರ್ಮಣಿ ಷಷ್ಠಿಯೇ ಯುಕ್ತ. ರೋಮಾಪತ್ರದ ಮೂರನೆಯ ಅಧ್ಯಾಯದ 22ನೆಯ ವಾಕ್ಯದಲ್ಲಿ ಮಾತ್ರ ನನಗೆ ಅಷ್ಟು ಧೈರ್ಯವಿಲ್ಲ: ಅಲ್ಲಿ ಷಷ್ಠಿಯ ಬೆನ್ನಿಗೇ ‘ನಂಬುವವರೆಲ್ಲರಿಗೂ’ ಎಂದಿದೆ, ದಾರ್ಢ್ಯದ ಸಂದರ್ಭವೂ ಅಷ್ಟಾಗಿಲ್ಲ. ಏಳು ಕಡೆಗೂ ಒಂದೇ ಅರ್ಥವೆಂಬ ಹಠವನ್ನು ಉಭಯಪಕ್ಷದವರೂ ಬಿಟ್ಟರೆ ಒಳ್ಳೆಯದು.

ಈ ವಾದಕ್ಕೆ ವ್ಯಾಕರಣಕ್ಕಿಂತ ಆಳವಾದ ಕಾರಣವಿದೆ. ವಿಶ್ವಾಸವು ಮನುಷ್ಯನು ಮಾಡುವುದಾದರೆ ಅದೂ ಒಂದು ಕರ್ಮವೇ ಆಗಲಿಲ್ಲವೇ? ಸುನ್ನತಿಯ ಸ್ಥಾನದಲ್ಲಿ ನಂಬುವುದನ್ನು ಇಟ್ಟಂತಾಯಿತು. ಕೃಪೆಗೆ ಮತ್ತೆ ಬೆಲೆ ಕಟ್ಟಿದಂತಾಯಿತು. ಕ್ರಿಸ್ತನ ನಿಷ್ಠೆಯಿಂದಲೇ ರಕ್ಷಣೆಯೆಂದರೆ ಈ ಶಂಕೆಗೆ ಎಡೆಯಿಲ್ಲ. ಮರ್ಕಟಕಿಶೋರ ಮಾರ್ಜಾರಕಿಶೋರ ನ್ಯಾಯಗಳನ್ನು ಕುರಿತು ಶ್ರೀವೈಷ್ಣವರ ಎರಡು ಕಲೆಗಳಲ್ಲಿ ನಡೆದ ಚರ್ಚೆಯು ನಮ್ಮವರಿಗೆ ನೆನಪಾಗುವುದು ಸಹಜವೇ. ರುಡಾಲ್ಫ್ ಆಟೋ ಎಂಬ ಜರ್ಮನ್ ಪಂಡಿತರು 1930ರಲ್ಲಿಯೇ ಭಾರತದ ಕೃಪಾಮಾರ್ಗವನ್ನೂ ಕ್ರೈಸ್ತಮತವನ್ನೂ ತೂಗಿ ನೋಡಿ ಪುಸ್ತಕ ಬರೆದರು. ಆದರೆ ಪೌಲನ ಉತ್ತರವನ್ನು ಪೌಲನಲ್ಲಿಯೇ ಹುಡುಕಬೇಕು. ಅದು ರೋಮಾಪತ್ರದ ನಾಲ್ಕನೆಯ ಅಧ್ಯಾಯದಲ್ಲಿದೆ. ಕೆಲಸ ಮಾಡಿದವನಿಗೆ ಕೊಡುವ ಕೂಲಿಯು ಸಲ್ಲಬೇಕಾದ ಸಾಲ, ದಾನವಲ್ಲ; ಕೆಲಸ ಮಾಡದೆ ನಂಬುವವನ ವಿಷಯವು ಬೇರೆ ಎಂದು ಅವನು ವಿಭಾಗಿಸುತ್ತಾನೆ. ಭಿಕ್ಷುಕನು ಕೈ ಚಾಚಿದುದು ಕೂಲಿಗೆ ತಕ್ಕ ದುಡಿಮೆಯೆಂದು ಯಾರೂ ಹೇಳರು. ಹೀಗೆ ಪೌಲನ ಪರಿಭಾಷೆಯಲ್ಲಿ ವಿಶ್ವಾಸವು ಕರ್ಮವರ್ಗಕ್ಕೆ ಸೇರದೆ ಇರುವುದರಿಂದ, ಕೃಪೆಯನ್ನು ಕಾಪಾಡುವುದಕ್ಕಾಗಿ ಷಷ್ಠಿಯ ಅರ್ಥವನ್ನು ಬದಲಿಸುವ ಅಗತ್ಯವೇ ಬೀಳುವುದಿಲ್ಲ.

ರೋಮಾಪತ್ರದ ಭಾಷಾಂತರದಲ್ಲಿ ಲೂಥರನು 1522ರಲ್ಲಿ ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಪದವನ್ನು ಸೇರಿಸಿದುದೂ, 1530ರಲ್ಲಿ ಅದನ್ನು ಸಮರ್ಥಿಸಿದುದೂ, 1547ರಲ್ಲಿ ಟ್ರೆಂಟ್ ಸಭೆಯು ವಿರುದ್ಧವಾಗಿ ನಿರ್ಣಯಿಸಿದುದೂ, 1999ರಲ್ಲಿ ಲೂಥರನ ಅನುಯಾಯಿಗಳೂ ರೋಮನ್ ಕ್ಯಾಥೊಲಿಕರೂ ಆಗ್ಸ್‌ಬರ್ಗಿನಲ್ಲಿ ಕೂಡಿ ಒಪ್ಪಂದಕ್ಕೆ ಸಹಿಹಾಕಿದುದೂ ಬೇರೊಂದು ಲೇಖನಕ್ಕೆ ವಿಷಯ.

ಕನ್ನಡಕ್ಕೆ ಭಾಷಾಂತರಿಸುವವರ ಕಷ್ಟವನ್ನು ಮಾತ್ರ ಹೇಳಬೇಕಾಗಿದೆ. ‘ಶ್ರದ್ಧೆ’ ಎಂದರೆ ನಂಬುವವನ ಗುಣ ಮಾತ್ರ ತೋರುವುದು. ನಮ್ಮ ‘ನಂಬಿಕೆ’ಯು ಹಾಗಲ್ಲ, ‘ನಂಬಿಕೆಯ ಬಂಟ’ ಎಂಬಲ್ಲಿ ಅದು ನಂಬಿಸಿಕೊಳ್ಳುವವನ ಯೋಗ್ಯತೆಯನ್ನೂ ಹೇಳುತ್ತದೆ. ಪಿಸ್ತಿಸ್ ಶಬ್ದಕ್ಕೆ ಇದಕ್ಕಿಂತ ಹತ್ತಿರದ ಮಾತು ಸಂಸ್ಕೃತದಲ್ಲಿಯೂ ನನಗೆ ಕಾಣದು. ಆದರೆ ‘ಕ್ರಿಸ್ತನ ನಂಬಿಕೆ’ ಎಂದು ಬರೆದರೆ ಸಾಮಾನ್ಯವಾಗಿ ಕರ್ತರಿಯೇ ತೋರುವುದರಿಂದ, ‘ಕ್ರಿಸ್ತನಲ್ಲಿ’ ಎಂದೋ ‘ಕ್ರಿಸ್ತನನ್ನು’ ಎಂದೋ ವಿಭಕ್ತಿಯನ್ನು ಬದಲಿಸದೆ ಗತಿಯಿಲ್ಲ. ಬದಲಿಸಿದವರು 1989ರ ಪರಿಷ್ಕೃತ ಇಂಗ್ಲಿಷ್ ಭಾಷಾಂತರದವರಂತೆ ಮತ್ತೊಂದು ಅರ್ಥವನ್ನೂ ಅಡಿಟಿಪ್ಪಣಿಯಲ್ಲಿ ಕೊಡುವುದು ನ್ಯಾಯವಾದುದು.