ನೀರ ಮೇಲೆ ನಿಂತ ಮಸೀದಿ

ವಿನ್ಯಾಸ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣು ಹೋಗುವುದು ಮಿನಾರದ ಬಣ್ಣದ ದೀಪಕ್ಕೆ, ಹೊಳೆಯುವ ಮಾರ್ಬಲ್‌ಗೆ, ಝೂಮರ್‌ಗೆ. ಆ ಅಳತೆಗೋಲನ್ನು ಸ್ವಲ್ಪ ಬದಿಗಿಟ್ಟು ಮುಂಬೈಯ ಜಾಮಾ ಮಸೀದಿಯನ್ನು ನೋಡಿ. ಕ್ರಾಫರ್ಡ್ ಮಾರ್ಕೆಟ್ ಹತ್ತಿರ, ಶೇಖ್ ಮೆಮನ್ ಸ್ಟ್ರೀಟ್‌ನ ನೂಕುನುಗ್ಗಲಿನ ನಡುವೆ ಅದಿದೆ.

1775ರಲ್ಲಿ ಶುರುವಾದ ಕೆಲಸ ಮುಗಿದದ್ದು 1802ರಲ್ಲಿ. ಆ ವರ್ಷವನ್ನು 'ಜಹಾಝೆ ಆಖಿರತ್' ಎಂಬ ಮಾತಿನಲ್ಲಿ ಅಡಗಿಸಿಟ್ಟಿದ್ದಾರೆ. ಅಬ್ಜದ್ ಲೆಕ್ಕದಲ್ಲಿ ಜಹಾಝ್ 16, ಆಖಿರತ್ 1201. ಕೂಡಿಸಿದರೆ ಹಿಜರಿ 1217. ಪರಲೋಕದ ಹಡಗು! ಹೆಸರು ಬರೀ ಅಲಂಕಾರ ಅಂದ್ಕೋಬೇಡಿ. ಮಸೀದಿಯ ಕೆಳಗೆ ನಿಜಕ್ಕೂ ನೀರಿದೆ: ಬುಗ್ಗೆಗಳಿಂದ ತುಂಬುವ, ಸುಮಾರು ಹತ್ತು ಅಡಿ ಆಳದ ಹಳೆಯ ಕೊಳ. ಅದರ ತಳದಿಂದ ಎದ್ದ 16 ಕರಿಗಲ್ಲಿನ ಕಮಾನುಗಳು ಮೇಲಿನ ಭಾರ ಹೊರುತ್ತವೆ. ಕಮಾನುಗಳು 1874ರವು, ಮೆಟ್ಟಿಲು 1893ರದ್ದು. ಅಂದರೆ ಒಂದೊಂದು ತಲೆಮಾರು ಬಂದು ರಿಪೇರಿ ಮಾಡಿದೆ, ಸೇರಿಸಿದೆ, ಆದರೆ ಕೊಳವನ್ನು ಮುಚ್ಚಲಿಲ್ಲ.

ಬ್ರಿಟಿಷ್ ಕಾಲದ ಗ್ಯಾಸೆಟಿಯರ್ ಇನ್ನೂ ಎರಡು ಸಂಗತಿ ಹೇಳುತ್ತದೆ. ಮೇಲಂತಸ್ತಿನ ಪ್ರತಿ ಮರದ ಕಂಬದಲ್ಲೂ ಧರ್ಮಗ್ರಂಥ ಇಡಲು ಒಂದು ಗೂಡು ಇತ್ತಂತೆ, ನೀರಿನಲ್ಲಿ ಮೀನುಗಳಿದ್ದವಂತೆ. ಕಂಬ ಭಾರ ಹೊರುತ್ತದೆ, ಕಪಾಟೂ ಆಗುತ್ತದೆ. ಮೀನು ನೋಡಲು ಚೆಂದ, ಸೊಳ್ಳೆಯ ಮರಿಯನ್ನೂ ತಿನ್ನುತ್ತದೆ. ಒಂದು ವಸ್ತು, ಎರಡು ಕೆಲಸ. ಒಳ್ಳೆಯ ವಿನ್ಯಾಸ ಅಂದರೆ ಇದೇ.

ಈಗ ವುಝೂವಿನ ವಿಷಯಕ್ಕೆ ಬನ್ನಿ. ನಮ್ಮ ಕರಾವಳಿಯ ಪಳ್ಳಿಗಳ ಹೌಳ್ ಇರಲಿ, ಈ ಕೊಳವಿರಲಿ, ನೀರಿನ ಅಳತೆ ನಿಮ್ಮ ಬೊಗಸೆಯೇ. ಬೊಗಸೆ ಎತ್ತಿದಷ್ಟೇ ಖರ್ಚು. ನಲ್ಲಿಗೆ ಆ ಅಳತೆ ಗೊತ್ತಿಲ್ಲ. ನೀವು ಮೊಣಕೈ ಉಜ್ಜುವಾಗಲೂ ಅದು ಸುರಿಯುತ್ತಲೇ ಇರುತ್ತದೆ. ಪ್ರವಾದಿ(ಸ) ಒಂದು 'ಮುದ್ದ್' ನೀರಿನಲ್ಲಿ ವುಝೂ ಮುಗಿಸುತ್ತಿದ್ದರು ಎಂದು ಹದೀಸ್‌ನಲ್ಲಿದೆ. ಇವತ್ತಿನ ಲೆಕ್ಕದಲ್ಲಿ ಹೆಚ್ಚು ಕಡಿಮೆ ಮುಕ್ಕಾಲು ಲೀಟರಿನ ಒಳಗೆ. ನಿಮಿಷಕ್ಕೆ 5 ಲೀಟರ್ ಬಿಡುವ ನಲ್ಲಿ ಎರಡು ನಿಮಿಷ ತೆರೆದಿದ್ದರೆ 10 ಲೀಟರ್ ಆಯಿತು. ಹದಿಮೂರಕ್ಕೂ ಹೆಚ್ಚು ಮಂದಿಯ ಪಾಲನ್ನು ಒಬ್ಬನೇ ಚರಂಡಿಗೆ ಬಿಟ್ಟಂತೆ!

ಹಾಗಂತ ಹಳೆಯದೆಲ್ಲ ಸರಿ ಅನ್ನೋದೂ ತಪ್ಪು. ಮಂಡಿ ನೋವಿನ ಅಜ್ಜನಿಗೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ಕೊಳದ ಮೆಟ್ಟಿಲು ಕಷ್ಟ. ಅವರಿಗೆ ಕಲ್ಲಿನ ಪೀಠ, ಎದುರಿಗೊಂದು ನಲ್ಲಿ, ಅದೇ ನ್ಯಾಯ. ಆದರೆ ಆ ನಲ್ಲಿಯ ಧಾರೆಯನ್ನು ಸಣ್ಣದು ಮಾಡಬಹುದು, ಹರಿದು ಹೋಗುವ ನೀರನ್ನು ತೋಟಕ್ಕೆ ತಿರುಗಿಸಬಹುದು. ಇದಕ್ಕೆ ಇಂಜಿನಿಯರ್ ಬೇಕಿಲ್ಲ, ಗಮನ ಬೇಕು.

ಗಮನ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಮುಂಬೈಯೇ ಸಾಕ್ಷಿ. 1860ರಲ್ಲಿ ವಿಹಾರ್ ಕೆರೆಯ ಕೊಳವೆ ನೀರು ಬರುವವರೆಗೆ ಆ ಊರು ಬದುಕಿದ್ದು ಬಾವಿ, ಕೆರೆಗಳ ಮೇಲೆ. ಇವತ್ತು ಧೋಬಿ ತಲಾವ್ ಇದೆ, ತಲಾವ್ ಇಲ್ಲ. ಗೋವಾಲಿಯಾ ಟ್ಯಾಂಕ್ ಇದೆ, ಟ್ಯಾಂಕ್ ಮೈದಾನವಾಗಿದೆ. ನೀರು ನೂರು ಕಿಲೋಮೀಟರ್ ದೂರದಿಂದ ಬರುತ್ತಿದೆ. ಆದರೆ ಮಸೀದಿಯ ಕೊಳ ಉಳಿಯಿತು. ಯಾಕೆ? ದಿನಕ್ಕೆ ಐದು ಹೊತ್ತು ಜನ ಅದಕ್ಕೆ ಕೈಹಾಕುತ್ತಿದ್ದರು. ಬಳಸುವ ವಸ್ತುವನ್ನು ಜನ ಕಾಯುತ್ತಾರೆ. 'ಪರಿಸರ ಸ್ನೇಹಿ' ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಯಾವುದೂ ಬಾಳುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಸಣ್ಣ ಕೆಲಸ. ಮುಂದಿನ ಸಲ ವುಝೂ ಮಾಡುವಾಗ ನಲ್ಲಿಯ ಕೆಳಗೆ ಬಕೆಟ್ ಇಡಿ, ಮುಗಿದ ಮೇಲೆ ಅಳೆಯಿರಿ. ಆ ಅಂಕಿಯನ್ನು ನಿಮ್ಮ ಜಮಾಅತಿನ ಮುಂದಿನ ಸಭೆಯಲ್ಲಿ, ಹೊಸ ಮಾರ್ಬಲ್‌ನ ಚರ್ಚೆ ಶುರುವಾಗುವ ಮೊದಲೇ ಹೇಳಿ.